ಗಾಜು ಹಾಕಿದರೆ ನೃತ್ಯ ಕಂಡೀತೇ? – ಸಂಪಾದಕರ ಉತ್ತರ

ಮಾನ್ಯರೇ,

ನೃತ್ಯಶಾಲೆಗಳ ಕಟ್ಟಡ ವಿನ್ಯಾಸವನ್ನು ಕುರಿತ ನಮ್ಮ ಲೇಖನವನ್ನು ಓದಿ, ಬೀದಿಯ ಕಡೆಗೆ ನೆಲದಿಂದ ಸೂರಿನವರೆಗೆ ಗಾಜು ಹಾಕಿ, ತೆರೆಗಳನ್ನು ತೆಗೆದುಬಿಟ್ಟರೆ ನೃತ್ಯ ತಾನಾಗಿಯೇ ಜನರ ಕಣ್ಣಿಗೆ ಬೀಳುವುದಿಲ್ಲವೇ ಎಂದು ಕೇಳಿದ್ದೀರಿ. ಬೀಳುವುದಿಲ್ಲವೆಂದೇ ನಮ್ಮ ಅಭಿಪ್ರಾಯ.

ಹಗಲಿನಲ್ಲಿ ಹೊರಗಿನ ಬೆಳಕು ಒಳಗಿನದಕ್ಕಿಂತ ಎಷ್ಟೋ ಪಾಲು ಪ್ರಖರವಾಗಿರುವುದರಿಂದ ಗಾಜು ದಾರಿಹೋಕರಿಗೆ ಆಕಾಶವನ್ನೂ ಅವರದೇ ಮುಖವನ್ನೂ ತೋರಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು ನೆಲದ ಮಟ್ಟ. ಅಭ್ಯಾಸದ ಕೊಠಡಿ ಮಹಡಿಯ ಮೇಲಿದ್ದರೆ ಬೀದಿಯಲ್ಲಿ ನಿಂತವರಿಗೆ ಚಾವಣಿಯೂ ಆಗಾಗ ಮೇಲೇಳುವ ಕೈಗಳೂ ಕಾಣುತ್ತವೆಯೇ ಹೊರತು, ಜಿಗಿದವರು ಇಳಿಯುವಾಗ ಬೆರಳು, ಅಂಗಾಲು, ಹಿಮ್ಮಡಿ ಒಂದರ ಹಿಂದೊಂದು ನೆಲ ಮುಟ್ಟಿ ಮಂಡಿ ಬಾಗುವ ಪರಿ ಕಾಣುವುದಿಲ್ಲ. ಪಾದ ಕಾಣದ ಮೇಲೆ ನೃತ್ಯದಲ್ಲಿ ಕಂಡದ್ದಾದರೂ ಏನು? ನರ್ತನಕ್ಕೆ ಬೇಕಾದ ಪುಟಿಯುವ ಮರದ ನೆಲಹಾಸು ಕಾಂಕ್ರೀಟಿನ ಮೇಲೆ ಇನ್ನಷ್ಟು ಎತ್ತರ ಕೂಡಿಸುವುದರಿಂದ, ಅಡಿಪಾಯ ಹಾಕುವಾಗಲೇ ಆ ಲೆಕ್ಕ ಹಿಡಿದು ಕೊಠಡಿಯನ್ನು ತಗ್ಗಿಸಬೇಕಾಗುತ್ತದೆ.

ನ್ಯೂಯಾರ್ಕಿನ ಆಲ್ವಿನ್ ಏಲಿ ನೃತ್ಯಸಂಸ್ಥೆಯ ಕಟ್ಟಡದಲ್ಲಿ ಬೀದಿಯವರು ಕಿಟಕಿಯಲ್ಲೇ ನಿಂತು ಅಭ್ಯಾಸವನ್ನು ನೋಡಬಹುದು. ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿರುವ, 2003ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪದ ಸ್ಟರ್ಲಿಂಗ್ ಪ್ರಶಸ್ತಿ ಪಡೆದ ಲಾಬಾನ್ ನೃತ್ಯಕೇಂದ್ರದ ದಾರಿಯೇ ಬೇರೆ. ವಾಸ್ತುಶಿಲ್ಪಿಗಳಾದ ಹರ್ಟ್ಸಾಗ್ ಮತ್ತು ಡಿ ಮ್ಯೂರಾನ್, ಕಲಾವಿದ ಮೈಕೆಲ್ ಕ್ರೇಗ್-ಮಾರ್ಟಿನ್ ಜೊತೆಗೂಡಿ ಅದರ ಹೊರಮೈಗೆ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಣ್ಣದ ಅರೆಪಾರದರ್ಶಕ ಹಲಗೆಗಳನ್ನು ಹೊದಿಸಿದರು. ಅವು ಬಿಸಿಲಿನ ಝಳವನ್ನು ತಡೆಯುತ್ತವೆ; ಕತ್ತಲಾದ ಮೇಲೆ ಒಳಗಿನ ದೀಪಗಳಿಂದ ನರ್ತಕರ ನೆರಳು ಗೋಡೆಯ ಮೇಲೆ ಮೂಡುತ್ತದೆ. ಮುಖ ಗುರುತಾಗದೆ ಚಲನೆಯಷ್ಟೇ ಕಾಣುವ ಈ ಏರ್ಪಾಡು, ಬಯಲಾಗಿ ತೋರಿಸುವುದಕ್ಕಿಂತ ಹೆಚ್ಚು ಸೂಕ್ಷ್ಮವಾದದ್ದೆಂದು ನಮಗನ್ನಿಸುತ್ತದೆ. (ಬಣ್ಣ ತುಸು ಅತಿಯಾಯಿತೆನ್ನುವವರೂ ಇರಬಹುದು.)

ಕನ್ನಡಿಯ ವಿಚಾರ ನಿಮ್ಮ ಪತ್ರದಲ್ಲಿ ಬಂದೇ ಇಲ್ಲ. ಬೀದಿಯ ಗಾಜಿಗೆ ಎದುರಾಗಿ ಕನ್ನಡಿ ಹಾಕಿದರೆ ನೋಡುಗರಿಗೆ ನರ್ತಕರ ಬೆನ್ನು ಕಾಣುತ್ತದೆ. ನರ್ತಕರಿಗೋ ತಮ್ಮ ಭಂಗಿಯ ಜೊತೆಗೆ ಹಿಂದೆ ನಿಂತ ಗುಂಪೂ ಕನ್ನಡಿಯಲ್ಲಿ ಕಂಡು ಗಮನ ಚದುರುತ್ತದೆ. ಆದ್ದರಿಂದ ಅದು ಪಕ್ಕದ ಗೋಡೆಯಲ್ಲಿರುವುದು ಲೇಸು.

ತೆರೆ ಬೇಡವೆಂಬ ನಿಮ್ಮ ಮಾತನ್ನಂತೂ ಒಪ್ಪಲಾರೆವು. ಅಭ್ಯಾಸವೆಂದರೆ ತಪ್ಪುವುದಕ್ಕೂ ಅವಕಾಶವಿರುವ ಹೊತ್ತು. ಅದನ್ನು ಯಾವಾಗ ತೋರಿಸಬೇಕೆಂಬ ತೀರ್ಮಾನ ಕಲಿಸುವವರದೂ ಕಲಿಯುವವರದೂ ಆಗಿರಬೇಕು, ತೆರೆಯ ಹಗ್ಗ ಒಳಗಿನವರ ಕೈಗೇ ಎಟುಕುವಂತಿರಬೇಕು.

– ಸಂಪಾದಕರು