ಪರದೆಯ ಹಿಂದಿನ ಉದ್ಯೋಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬಿ.ಕಾಂ. ಮುಗಿಸಿದ್ದೇನೆ. ಕಾಲೇಜಿನಲ್ಲಿ ಎರಡು ನಾಟಕಗಳಲ್ಲಿ ಅಭಿನಯಿಸಿದ ಮೇಲೆ, ಬಣ್ಣ ಹಚ್ಚುವುದಕ್ಕಿಂತ ಪರದೆಯ ಹಿಂದೆ ನಿಂತು ಎಲ್ಲವನ್ನೂ ಹೊಂದಿಸುವುದೇ ನನಗೆ ಹೆಚ್ಚು ಇಷ್ಟವೆಂದು ಗೊತ್ತಾಯಿತು. ಒಂದು ವರ್ಷದಿಂದ ಊರಿನ ಹವ್ಯಾಸಿ ತಂಡದಲ್ಲಿ ಅದೇ ಕೆಲಸ ಮಾಡುತ್ತಿದ್ದೇನೆ. ಇದನ್ನು ಕ್ರಮವಾಗಿ ಕಲಿಯುವುದು ಎಲ್ಲಿ? ‘ಇದರಿಂದ ಹೊಟ್ಟೆ ತುಂಬುತ್ತದೆಯೇ’ ಎಂದು ಮನೆಯಲ್ಲಿ ಕೇಳುತ್ತಾರೆ. ಅವರಿಗೆ ಏನು ಹೇಳಲಿ?
– ಓದುಗರು, ದಾವಣಗೆರೆ

ಉತ್ತರ: ಕರ್ನಾಟಕದ ರಂಗಶಾಲೆಗಳು ರಂಗ ನಿರ್ವಹಣೆಯನ್ನು, ಅಂದರೆ ನೀವು ಹೇಳುವ ಸ್ಟೇಜ್ ಮ್ಯಾನೇಜರ್ ಕೆಲಸವನ್ನು, ಪ್ರತ್ಯೇಕ ವಿದ್ಯೆಯೆಂದಲ್ಲ, ಒಟ್ಟು ರಂಗಶಿಕ್ಷಣದ ಒಂದು ಭಾಗವೆಂದೇ ಕಲಿಸುತ್ತವೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಕುಮಾರ ರಂಗಪ್ರಯೋಗ ಶಾಲೆ, ಮೈಸೂರಿನ ರಂಗಾಯಣ ನಡೆಸುವ ಡಿಪ್ಲೊಮಾ, ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರದ ಒಂದು ವರ್ಷದ ಕೋರ್ಸ್ – ಇವುಗಳಲ್ಲಿ ಯಾವುದಕ್ಕೆ ಸೇರಿದರೂ ನೀವು ನಟನೆ ಕಲಿಯಬೇಕಾಗುತ್ತದೆ, ಹಾಡಬೇಕಾಗುತ್ತದೆ, ಮೈ ಬಗ್ಗಿಸಬೇಕಾಗುತ್ತದೆ. ನನಗೆ ಬೇಕಾದದ್ದು ಅದಲ್ಲವಲ್ಲ ಎಂದು ಹಿಂಜರಿಯಬೇಡಿ. ನಟ ಯಾವ ಕ್ಷಣದಲ್ಲಿ ತಬ್ಬಿಬ್ಬಾಗುತ್ತಾನೆ ಎಂಬುದು ಒಮ್ಮೆ ತಾನೇ ರಂಗದ ಮೇಲೆ ತಬ್ಬಿಬ್ಬಾದ ಸ್ಟೇಜ್ ಮ್ಯಾನೇಜರ್‌ಗೆ ಬೇಗ ತಿಳಿಯುತ್ತದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯದು ಮೂರು ವರ್ಷದ ಕಲಿಕೆ. ಅಲ್ಲಿ ರಂಗತಂತ್ರ ಮತ್ತು ವಿನ್ಯಾಸದ ಕಡೆಗೆ ಹೊರಳಿಕೊಳ್ಳುವ ಅವಕಾಶವೂ ಇದೆ. ಪ್ರವೇಶಕ್ಕೆ ಪದವಿಯ ಜೊತೆಗೆ ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವನ್ನೂ ಕೇಳುತ್ತಾರಾದ್ದರಿಂದ, ನೀವು ಈಗ ಮಾಡುತ್ತಿರುವ ಪ್ರತಿಯೊಂದು ಪ್ರಯೋಗದ ಕರಪತ್ರವನ್ನೂ ಜೋಪಾನವಾಗಿ ಎತ್ತಿಡಿ.

ಆದರೆ ಈ ವಿದ್ಯೆಯ ನಿಜವಾದ ಶಾಲೆ ತಿರುಗಾಟವೇ ಎಂಬುದು ನನ್ನ ನಂಬಿಕೆ. ನೀನಾಸಂ ತಿರುಗಾಟ 1985ರಿಂದ, ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರು ಸುತ್ತುತ್ತಿವೆ. ಇಂದು ಸುಸಜ್ಜಿತ ರಂಗಮಂದಿರ, ನಾಳೆ ಹೈಸ್ಕೂಲಿನ ಬಯಲು, ನಾಡಿದ್ದು ಎತ್ತರವೇ ಇಲ್ಲದ ಕಲ್ಯಾಣಮಂಟಪ ಎಂಬಂತೆ ಜಾಗ ಬದಲಾದಾಗಲೆಲ್ಲ ಅದೇ ನಾಟಕವನ್ನು ಹೊಸದಾಗಿ ಅಳೆದು ಕೂರಿಸಬೇಕು. ರಾತ್ರಿ ಪ್ರದರ್ಶನ ಮುಗಿದ ಮೇಲೆ ಸೆಟ್ ಬಿಚ್ಚಿ, ವಾಹನಕ್ಕೆ ಏರಿಸುವ ಸಾಮಾನಿನಲ್ಲಿ ಯಾವುದು ಮೊದಲು ಹೋಗಬೇಕು, ಯಾವುದು ಕೊನೆಗೆ ಹೋಗಬೇಕು ಎಂಬ ಲೆಕ್ಕ ತಪ್ಪಿದರೆ, ಮರುದಿನ ಮೊದಲು ಬೇಕಾದ ಪೈಪುಗಳು ಎಲ್ಲದರ ಅಡಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಇದನ್ನು ಯಾವ ತರಗತಿಯಲ್ಲೂ ಹೇಳಿಕೊಡಲಾಗುವುದಿಲ್ಲ. ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಗುಬ್ಬಿ ಕಂಪನಿಯಲ್ಲಿ ಸೈಡ್ ವಿಂಗಿನಲ್ಲಿ (ರಂಗದ ಪಕ್ಕದ ಮರೆಯಲ್ಲಿ) ನಿಂತು ಅವನ್ನು ಸಮಯಕ್ಕೆ ಸರಿಯಾಗಿ ಒಳಗೆ ಬಿಡುತ್ತಿದ್ದವರು ಯಾವ ಡಿಪ್ಲೊಮಾ ಪಡೆದಿದ್ದರೆಂದು ನಾನು ಆಗಾಗ ನಗುತ್ತ ಯೋಚಿಸುವುದುಂಟು.

ಈಗಿನಿಂದಲೇ ಮಾಡಬಹುದಾದ ಒಂದು ಅಭ್ಯಾಸವನ್ನು ಹೇಳುತ್ತೇನೆ. ನಾಟಕದ ಪಠ್ಯವನ್ನು ಬಲಪುಟದಲ್ಲಿ ಮಾತ್ರ ಬರುವಂತೆ ಪ್ರತಿ ಮಾಡಿಸಿ, ಎಡಪುಟವನ್ನು ಖಾಲಿ ಬಿಟ್ಟು, ಫೈಲಿಗೆ ಹಾಕಿಕೊಳ್ಳಿ. ಇದು ಪ್ರಾಂಪ್ಟ್ ಬುಕ್. ತಾಲೀಮಿನಲ್ಲಿ ಯಾರು ಎಲ್ಲಿಂದ ಬಂದರು, ಎಷ್ಟು ಹೆಜ್ಜೆ ನಡೆದರು, ಯಾವ ಮಾತಿಗೆ ಕುಳಿತರು ಎಂಬುದನ್ನು ಎಡಪುಟದಲ್ಲಿ ಪೆನ್ಸಿಲಿನಿಂದಲೇ ಬರೆಯಿರಿ. ನಿರ್ದೇಶಕರು ನಾಳೆ ಅದನ್ನು ಬದಲಿಸುವುದು ಖಂಡಿತವಾದ್ದರಿಂದ ಪೆನ್ನಿನ ಆಸೆ ಬೇಡ. ಬೆಳಕು, ಸಂಗೀತ, ಸೆಟ್ ಬದಲಾವಣೆಗಳಿಗೆ ಬೇರೆ ಬೇರೆ ಸರಣಿಯ ಕ್ಯೂ ಸಂಖ್ಯೆ ಕೊಡಿ. ಕ್ಯೂ ಎಂದರೆ ಆ ಬದಲಾವಣೆ ಆಗಬೇಕಾದ ಕ್ಷಣದ ಸೂಚನೆ. ಪ್ರತಿ ಕ್ಯೂಗೂ ಅರ್ಧ ಪುಟ ಮೊದಲೇ ‘ಸ್ಟ್ಯಾಂಡ್‌ಬೈ’ (ಸಿದ್ಧರಾಗಿ) ಎಂದು ಗುರುತು ಹಾಕಿ. ‘ಗೋ’ (ಈಗ ಮಾಡಿ) ಎಂಬುದನ್ನು ಮಾತಿನ ಕೊನೆಯಲ್ಲಿ ಹೇಳಬೇಕೋ, ನಟಿ ಬಾಗಿಲಿನ ಅಗುಳಿಗೆ ಕೈ ಹಾಕಿದ ಕ್ಷಣದಲ್ಲಿ ಹೇಳಬೇಕೋ ಎಂಬುದು ಎರಡು ಬೇರೆ ನಾಟಕಗಳನ್ನೇ ಕೊಡುತ್ತದೆ. ಅದನ್ನು ಕಿವಿ ಮತ್ತು ಕಣ್ಣು ಎರಡರಿಂದಲೂ ಕಲಿಯಬೇಕು. ಮೊದಲ ಪ್ರದರ್ಶನ ಕಳೆದ ಮೇಲೆ ನಿರ್ದೇಶಕರು ತಮ್ಮ ಮುಂದಿನ ಕೆಲಸಕ್ಕೆ ಹೊರಟುಹೋಗುತ್ತಾರೆ. ಅಲ್ಲಿಂದಾಚೆಗೆ ನಾಟಕ ಉಳಿಯುವುದು ಆ ಫೈಲಿನಲ್ಲಿ ಮತ್ತು ಅದನ್ನು ಹಿಡಿದು ಕುಳಿತವರಲ್ಲಿ.

ಇನ್ನೊಂದು ಮಾತು, ನನ್ನದೇ ಎಡವಟ್ಟಿನಿಂದ ಕಲಿತದ್ದು. ನಾನು ಪ್ರಾಪರ್ಟಿ, ಅಂದರೆ ನಟರು ರಂಗದ ಮೇಲೆ ಬಳಸುವ ವಸ್ತುಗಳನ್ನು ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ ಒಂದು ತಾಲ್ಲೂಕು ಕೇಂದ್ರದ ಪ್ರದರ್ಶನದಲ್ಲಿ ಲಾಟೀನು ವ್ಯಾನಿನಲ್ಲೇ ಉಳಿದುಹೋಯಿತು. ‘ಈ ಬೆಳಕು ಹಿಡಿದುಕೋ ಮಗಳೇ’ ಎಂದು ತಂದೆಯ ಪಾತ್ರಧಾರಿ ಬರಿಗೈಯನ್ನು ಚಾಚಿದಾಗ, ಇಡೀ ನಾಟಕದ ಅತಿ ದುಃಖದ ಘಳಿಗೆಯಲ್ಲಿ ಸಭಾಂಗಣ ಗೊಳ್ಳೆಂದು ನಕ್ಕಿತು. ಮರುದಿನದಿಂದ ನಾನು ವಿಂಗಿನ ಪಕ್ಕದ ಮೇಜಿನ ಮೇಲೆ ಕಂದು ಕಾಗದ ಹಾಸಿ, ಪ್ರತಿ ವಸ್ತುವಿನ ಸುತ್ತಲೂ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು, ಒಳಗೆ ಅದರ ಹೆಸರನ್ನೂ ದೃಶ್ಯವನ್ನೂ ಬರೆಯತೊಡಗಿದೆ. ಪ್ರದರ್ಶನದ ಮೊದಲ ಗಂಟೆ ಬಾರಿಸುವ ಮುಂಚೆ ಒಂದು ಗೆರೆಯೊಳಗೆ ಖಾಲಿ ಕಂಡರೂ ಏನು ಇಲ್ಲವೆಂದು ಹುಡುಕಬೇಕಾಗಿಲ್ಲ, ಕಾಗದವೇ ಹೇಳುತ್ತದೆ.

ಇನ್ನು ಮನೆಯವರ ಪ್ರಶ್ನೆ. ಅದು ನ್ಯಾಯವಾದದ್ದು, ಅದಕ್ಕೆ ಸುಳ್ಳು ಉತ್ತರ ಕೊಡಬೇಡಿ. ಕನ್ನಡದ ಹವ್ಯಾಸಿ ರಂಗಭೂಮಿಯಲ್ಲಿ ಸ್ಟೇಜ್ ಮ್ಯಾನೇಜರ್ ಕೆಲಸವೊಂದರಿಂದಲೇ ಬದುಕುವವರು ಬೆರಳೆಣಿಕೆಯಷ್ಟು. ಆದರೆ ಅದೇ ಕೌಶಲ ಬೇರೆ ಕಡೆ ಸಂಬಳ ತರುತ್ತದೆ. ನೃತ್ಯ ತಂಡಗಳ ಪ್ರವಾಸ, ಮೈಸೂರಿನ ಬಹುರೂಪಿಯಂಥ ನಾಟಕೋತ್ಸವಗಳು, ಕಂಪನಿಗಳ ದೊಡ್ಡ ಸಮಾರಂಭಗಳು, ಶಾಲೆಗಳ ರಂಗ ವಿಭಾಗಗಳು, ಬೆಂಗಳೂರಿನ ರಂಗಶಂಕರದಂಥ, ಮುಂಬೈನ ಪೃಥ್ವಿ ಅಥವಾ ಎನ್‌ಸಿಪಿಎಯಂಥ ರಂಗಮಂದಿರಗಳ ತಾಂತ್ರಿಕ ವಿಭಾಗ – ಇವೆಲ್ಲಕ್ಕೂ ಗಡಿಯಾರ ನೋಡಿ ಕೆಲಸ ನಡೆಸಬಲ್ಲವರು ಬೇಕು. ನಿಮ್ಮ ಬಿ.ಕಾಂ. ಕೂಡ ವ್ಯರ್ಥವಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯದ ಅನುದಾನ ಪಡೆಯುವ ತಂಡಗಳು ಖರ್ಚಿನ ಲೆಕ್ಕ ಮತ್ತು ಬಳಕೆ ಪ್ರಮಾಣಪತ್ರ (ಹಣವನ್ನು ಕೊಟ್ಟ ಉದ್ದೇಶಕ್ಕೇ ಬಳಸಿದ್ದೇವೆಂಬ ಪತ್ರ) ಹೊಂದಿಸುವಾಗ ಪಡುವ ಪಾಡನ್ನು ಕಂಡವರಿಗೆ, ಲೆಕ್ಕವೂ ಬೆಳಕಿನ ಕ್ಯೂವೂ ಎರಡೂ ಗೊತ್ತಿರುವವರು ಎಷ್ಟು ದೊಡ್ಡ ಆಸ್ತಿ ಎಂಬುದು ಗೊತ್ತು. ಆ ದಿಕ್ಕಿನಲ್ಲಿ ಆಸಕ್ತಿ ಇದ್ದರೆ, ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಮತ್ತಿತರ ಸಂಸ್ಥೆಗಳು ಕೂಡಿ ರಂಗತಂಡಗಳ ಆಡಳಿತಕ್ಕೆಂದು ರೂಪಿಸಿದ ‘ಸ್ಮಾರ್ಟ್’ ಎಂಬ ತರಬೇತಿಯ ಬಗ್ಗೆಯೂ ವಿಚಾರಿಸಿ. ಅದು ತಂಡ ನಡೆಸುವ ವಿದ್ಯೆ, ರಂಗ ನಿರ್ವಹಣೆಯಲ್ಲ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

ಎರಡು ವರ್ಷದ ಅವಧಿ ಹಾಕಿಕೊಳ್ಳಿ. ಒಂದು ವರ್ಷ ಶಾಲೆ, ಒಂದು ವರ್ಷ ತಿರುಗಾಟ. ತಿರುಗಾಟಕ್ಕೆ ಒಪ್ಪುವ ಮೊದಲು ವಸತಿ ಎಲ್ಲಿ, ತಂಡದಲ್ಲಿ ಎಷ್ಟು ಮಂದಿ ಹೆಣ್ಣುಮಕ್ಕಳು, ದೂರು ಹೇಳಬೇಕಾದರೆ ಯಾರಿಗೆ ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವ ತಂಡವನ್ನು ಬಿಟ್ಟುಬಿಡಿ.

ಪ್ರಶ್ನೆ: ಆರು ವರ್ಷದಿಂದ ಒಂದು ತಂಡದ ಬ್ಯಾಕ್‌ಸ್ಟೇಜ್ ನೋಡಿಕೊಳ್ಳುತ್ತಿದ್ದೇನೆ. ಕರಪತ್ರದಲ್ಲಿ ಹೆಸರು ಕೊನೆಯ ಸಾಲಿನಲ್ಲಿ ಬರುತ್ತದೆ, ಕೆಲವೊಮ್ಮೆ ಬರುವುದೂ ಇಲ್ಲ. ತಾಲೀಮಿನಲ್ಲಿ ಚಹಾ ತರುವುದೂ ನನ್ನ ಪಾಲಿಗೇ. ಇದು ಬದಲಾಗುವುದು ಹೇಗೆ?
– ಓದುಗರು, ಧಾರವಾಡ

ಉತ್ತರ: ಚಹಾ ತರುವುದು ಅವಮಾನವಲ್ಲ, ಆದರೆ ಅದಕ್ಕಾಗಿ ನೀವು ತಾಲೀಮಿನಿಂದ ಎದ್ದು ಹೋಗಬೇಕಾದರೆ ಅದು ಕೆಲಸಕ್ಕೇ ಕುತ್ತು. ಹಾಗೆಂದೇ ನಿರ್ದೇಶಕರಿಗೆ ಹೇಳಿ: ‘ನಾನು ಹೊರಗೆ ಹೋದ ಹತ್ತು ನಿಮಿಷದಲ್ಲಿ ನೀವು ಬದಲಿಸಿದ ಚಲನೆಗಳು ಯಾರ ಬಳಿಯೂ ಇರುವುದಿಲ್ಲ.’ ಹೀಗೆ ಹೇಳಬೇಕಾದರೆ ಉಳಿದ ಸಮಯದ ಚಲನೆಗಳು ನಿಮ್ಮ ಬಳಿ ಬರವಣಿಗೆಯಲ್ಲಿ ಇರಬೇಕು. ನಮ್ಮಲ್ಲಿ ಬಹುಪಾಲು ನಿರ್ವಾಹಕರು ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳುತ್ತಾರೆ. ತಲೆಯಲ್ಲಿ ಇರುವುದು ಯಾರಿಗೂ ಕಾಣುವುದಿಲ್ಲ, ಕಾಣದ್ದಕ್ಕೆ ಬೆಲೆಯೂ ಬರುವುದಿಲ್ಲ. ದಿನದ ತಾಲೀಮು ಮುಗಿದ ರಾತ್ರಿಯೇ ಯಾರು ತಡವಾಗಿ ಬಂದರು, ಯಾವ ದೃಶ್ಯ ಎಷ್ಟು ನಿಮಿಷ ಓಡಿತು, ನಾಳೆಗೆ ಏನು ಬೇಕು ಎಂಬುದನ್ನು ಅರ್ಧ ಪುಟದಲ್ಲಿ ಬರೆದು ತಂಡದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಒಂದು ತಿಂಗಳಾಗುವ ಹೊತ್ತಿಗೆ ಎಲ್ಲರೂ ಅದಕ್ಕಾಗಿ ಕಾಯತೊಡಗುತ್ತಾರೆ. ಹೆಸರು ಮತ್ತು ಗೌರವಧನದ ಮಾತನ್ನು ಮುಂದಿನ ನಾಟಕ ಒಪ್ಪಿಕೊಳ್ಳುವ ಮೊದಲು ಆಡಿ, ಪ್ರದರ್ಶನದ ಹಿಂದಿನ ದಿನ ಬೇಡ. ಆರು ವರ್ಷದ ಬಳಿಕವೂ ಕರಪತ್ರದಲ್ಲಿ ಹೆಸರು ಬಿಟ್ಟುಹೋಗುತ್ತಿದ್ದರೆ ಅದು ಮರೆವಲ್ಲ, ಬೇರೆ ತಂಡ ನೋಡಿಕೊಳ್ಳುವುದು ಲೇಸು.

ಪ್ರಶ್ನೆ: ಮಗಳು ರಂಗ ನಿರ್ವಹಣೆ ಓದಲು ಇಂಗ್ಲೆಂಡಿಗೆ ಹೋಗುತ್ತೇನೆ ಎನ್ನುತ್ತಾಳೆ. ಸಾಲ ಮಾಡಿ ಕಳಿಸುವಷ್ಟು ಅದು ಬೆಲೆಯುಳ್ಳದ್ದೇ?
– ಓದುಗರು, ಬೆಳಗಾವಿ

ಉತ್ತರ: ಲಂಡನ್ನಿನ ಗಿಲ್ಡ್‌ಹಾಲ್, ರಾಡಾ ಮೊದಲಾದ ರಂಗಶಾಲೆಗಳಲ್ಲಿ ಇದು ಸ್ವತಂತ್ರವಾದ ವಿದ್ಯೆ, ಅಲ್ಲಿನ ಶಿಸ್ತೂ ದೊಡ್ಡದು. ಉದಾಹರಣೆಗೆ, ಅಲ್ಲಿ ನಟರಿಗೆ ‘ಅರ್ಧ ಗಂಟೆ’ ಎಂಬ ಕರೆ ಕೊಡುವುದು ಪರದೆ ಏಳುವುದಕ್ಕೆ 35 ನಿಮಿಷ ಮೊದಲು, ಏಕೆಂದರೆ ಅವರು ಲೆಕ್ಕ ಹಾಕುವುದು ಪರದೆಗಲ್ಲ, ಅದಕ್ಕೆ ಐದು ನಿಮಿಷ ಮೊದಲು ನಟರು ತಮ್ಮ ಜಾಗದಲ್ಲಿ ನಿಲ್ಲಬೇಕಾದ ಹೊತ್ತಿಗೆ. ಅಲ್ಲೇ ಉದ್ಯೋಗ ಹುಡುಕುವ ಯೋಚನೆ ಇದ್ದು, ವೀಸಾ ನಿಯಮಗಳು ಅನುಕೂಲವಾಗಿದ್ದರೆ ಮಾತ್ರ ಸಾಲದ ಮಾತು ಒಪ್ಪಬಹುದು. ಓದಿ ಇಲ್ಲಿಗೇ ಮರಳುವುದಾದರೆ, ಇಲ್ಲಿಯ ಸಂಬಳದಲ್ಲಿ ಆ ಸಾಲ ತೀರುವುದು ಬಹಳ ಕಷ್ಟ. ಆಕೆ ಇದುವರೆಗೆ ಒಂದು ನಾಟಕವನ್ನಾದರೂ ಮೊದಲ ತಾಲೀಮಿನಿಂದ ಸೆಟ್ ಬಿಚ್ಚುವವರೆಗೆ ನಿಭಾಯಿಸಿದ್ದಾಳೆಯೇ ಎಂದು ಕೇಳಿ ನೋಡಿ. ಇಲ್ಲವಾದರೆ ಅರ್ಜಿ ಹಾಕುವುದನ್ನು ಒಂದು ವರ್ಷ ಮುಂದೂಡಿ, ಬೆಳಗಾವಿಯಲ್ಲೇ ಕನ್ನಡದ್ದೋ ಮರಾಠಿಯದ್ದೋ ಒಂದು ತಂಡದ ಪ್ರಾಂಪ್ಟ್ ಬುಕ್ಕನ್ನು ಆಕೆಯ ಕೈಗೆ ಕೊಡಿಸಿ. ಅಲ್ಲಿಯ ಶಾಲೆಗಳೂ ಸಂದರ್ಶನದಲ್ಲಿ ನೋಡಬಯಸುವುದು ಮಾಡಿದ ಕೆಲಸವನ್ನೇ.