ಒಂದೇ ಆಬ್ಜೆಕ್ಟ್, ಆದರೂ ‘ಈಸ್’ ಫಾಲ್ಸ್ ಯಾಕೆ?

ಪೈಥಾನ್ ಆಬ್ಜೆಕ್ಟ್‌ಗಳನ್ನು ಉಳಿಸಿಡುವ ಡೇಟಾಬೇಸ್ ಝಡ್‌ಒಡಿಬಿಯಲ್ಲಿ ಒಂದೇ ಗ್ರಾಹಕ ಆಬ್ಜೆಕ್ಟನ್ನು ಎರಡು ಕನೆಕ್ಷನ್‌ಗಳಿಂದ ತೆಗೆದು ಹೋಲಿಸಿದರೆ ಎರಡೂ ಒಂದೇ ಆಬ್ಜೆಕ್ಟಾ ಎಂದು ನೋಡುವ ಪೈಥಾನಿನ ‘ಈಸ್’ ಫಾಲ್ಸ್ ಕೊಡುತ್ತದೆ ಅಂದಿರಿ. ಅದು ಬಗ್ ಅಲ್ಲ. ಪ್ರತಿ ಕನೆಕ್ಷನ್‌ಗೂ ತನ್ನದೇ ಕ್ಯಾಶ್ (ಲೋಡ್ ಆದ ಆಬ್ಜೆಕ್ಟ್‌ಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಇರುತ್ತದೆ. ಹಾಗಾಗಿ ಮೆಮೊರಿಯಲ್ಲಿ ಎರಡು ಪ್ರತಿ, ಎರಡು ವಿಳಾಸ. ‘ಈಸ್’ ನೋಡುವುದು ವಿಳಾಸವನ್ನಷ್ಟೇ ಅಲ್ವಾ? ಒಂದೇ ಕನೆಕ್ಷನ್ ಒಳಗಾದರೆ ಧೈರ್ಯವಾಗಿ ಬಳಸಿ.

ಕನೆಕ್ಷನ್ ದಾಟಿದರೆ ಎರಡರ ‘_ಪಿ_ಒಐಡಿ’ ಹೋಲಿಸಿ. ಅದು ಡೇಟಾಬೇಸ್ ಕೊಡುವ 8 ಬೈಟಿನ ಗುರುತು. ಆದರೆ ಹೊಸದಾಗಿ ಮಾಡಿದ, ಇನ್ನೂ ಕಮಿಟ್ ಆಗದ (ಡೇಟಾಬೇಸ್‌ನಲ್ಲಿ ಉಳಿಯದ) ಆಬ್ಜೆಕ್ಟ್‌ನಲ್ಲಿ ಅದು ಸಾಮಾನ್ಯವಾಗಿ ‘ನನ್’ (None, ಅಂದರೆ ಖಾಲಿ) ಆಗಿರುತ್ತದೆ. ಎರಡೂ ‘ನನ್’ ಆದರೆ ಬೇರೆ ಬೇರೆ ಗ್ರಾಹಕರು ಒಬ್ಬರೇ ಆಗಿಬಿಡುತ್ತಾರೆ! ಮೊದಲು ‘ನನ್’ ಅಲ್ಲ ಎಂದು ಚೆಕ್ ಮಾಡಿ.

ಪೈಥಾನಿನ ‘ಐಡಿ()’ ಕೊಡುವ ಸಂಖ್ಯೆಯನ್ನು, ಅಂದರೆ ಅದೇ ಮೆಮೊರಿ ವಿಳಾಸವನ್ನು, ಡಿಕ್ಷನರಿ ಕೀ ಮಾಡಿಕೊಳ್ಳುವುದಂತೂ ಬೇಡವೇ ಬೇಡ. ಕ್ಯಾಶ್‌ನಿಂದ ಹೊರಬಿದ್ದ ಆಬ್ಜೆಕ್ಟ್ ಮತ್ತೆ ಲೋಡ್ ಆದಾಗ ವಿಳಾಸ ಬೇರೆಯಾಗಿರಬಹುದು.