ಬಿಲ್ವಿದ್ಯೆಗೆ ಹೊಸಬರು ಮೊದಲ ಸಾಂಪ್ರದಾಯಿಕ ಬಿಲ್ಲನ್ನು ಹೇಗೆ ಆರಿಸಬೇಕು?

ಅಂದಚೆಂದಕ್ಕಿಂತ ಮೊದಲು ಎಳೆತದ ತೂಕ, ಅಂದರೆ ಹೆದೆಯನ್ನು ಪೂರ್ತಿ ಎಳೆಯಲು ಬೇಕಾಗುವ ಬಲ, ನೋಡಿ. ಸಾಧಾರಣ ಮೈಕಟ್ಟಿನ ವಯಸ್ಕರಿಗೆ 20ರಿಂದ 25 ಪೌಂಡ್ ಸಾಕು. 40 ಪೌಂಡಿನದನ್ನು ಅಂಗಡಿಯಲ್ಲಿ ಒಮ್ಮೆ ಎಳೆದುಬಿಡಬಹುದು. ಆದರೆ ಇಪ್ಪತ್ತು ಮೂವತ್ತು ಬಾಣ ಬಿಡುವಷ್ಟರಲ್ಲಿ ಭುಜ ನಡುಗಿ, ಹೆದೆ ಗಲ್ಲ ಮುಟ್ಟುವ ಮೊದಲೇ ಬೆರಳು ಸಡಿಲಿಸುವ ಚಾಳಿ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸುವುದು ಬಹಳ ಕಷ್ಟ.

ಬಿಲ್ಲಿನ ಮೇಲೆ ಬರೆದಿರುವ ತೂಕ ಸಾಮಾನ್ಯವಾಗಿ 28 ಇಂಚು ಎಳೆದಾಗಿನದು. ಎರಡೂ ತೋಳು ಚಾಚಿ, ಬೆರಳ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿ, ನಿಮ್ಮ ಎಳೆತದ ಉದ್ದ ಅಂದಾಜಾಗಿ ಸಿಗುತ್ತದೆ. ಎಳೆತ ಒಂದು ಇಂಚು ಹೆಚ್ಚು ಕಡಿಮೆಯಾದರೆ ತೂಕದಲ್ಲಿ ಸುಮಾರು 2 ಪೌಂಡ್ ವ್ಯತ್ಯಾಸ. 27–28 ಇಂಚಿನವರಿಗೆ 66 ಇಂಚಿನ ಬಿಲ್ಲು ಹೊಂದುತ್ತದೆ. ತೀರಾ ಗಿಡ್ಡದಾದರೆ ಹೆದೆ ಬೆರಳುಗಳನ್ನು ಹಿಂಡುತ್ತದೆ.

ನನ್ನ ಮತ ತುದಿಗಳು ಮುಂದಕ್ಕೆ ಬಾಗಿರುವ, ಬಿಚ್ಚಿ ಜೋಡಿಸುವ ಮರದ ರಿಕರ್ವ್‌ಗೆ: ತೋಳಿಗೆ ಬಲ ಬಂದ ಮೇಲೆ ಬಿಲ್ಲಿನ ಬಾಗುವ ಎರಡು ಭಾಗಗಳಾದ ಲಿಂಬ್‌ಗಳನ್ನಷ್ಟೇ ಬದಲಿಸಿದರಾಯಿತು. ಲಾಂಗ್‌ಬೋ (ತುದಿ ಬಾಗದ ಉದ್ದ ಬಿಲ್ಲು) ನೋಡಲು ಸೊಗಸು, ಆದರೆ ಒಂದೇ ತುಂಡಿನದಾದರೆ ಆ ಅನುಕೂಲವಿಲ್ಲ. ಹಳೆಯದನ್ನು ಕೊಳ್ಳುವಾಗ ಲಿಂಬ್ ತಿರುಚಿದೆಯೇ, ಕೂದಲೆಳೆಯ ಬಿರುಕಿದೆಯೇ ನೋಡಿ. ಹೆದೆ ಏರಿಸಲು ಸ್ಟ್ರಿಂಗರ್ ಹಗ್ಗವನ್ನೇ ಬಳಸಿ. ಕಾಲಿಗೆ ಸಿಕ್ಕಿಸಿ ಬಗ್ಗಿಸಿದರೆ ಲಿಂಬ್ ತಿರುಚೀತು. ಬಾಣ ಹೂಡದೆ ಹೆದೆ ಎಳೆದು ಬಿಡಲೇಬೇಡಿ, ಬಿಲ್ಲೇ ಸೀಳಬಹುದು.